ನನ್ನ ಮಣಿಕಟ್ಟು, ಅತ್ತಿಗೆಯ ಬೆನ್ನು

ಐವತ್ತೊಂದನೆಯ ವಯಸ್ಸಿನಲ್ಲಿ ನಾನು ಓಟದ ಪಂದ್ಯಕ್ಕೆ ಇಳಿದದ್ದು ಸ್ವಂತ ಆಸೆಯಿಂದಲ್ಲ. ಮದ್ದೂರಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಶಾಲೆಯ ಆಟದ ಮೈದಾನ ನನ್ನ ಮಟ್ಟಿಗೆ ರೈಲ್ವೆ ಸ್ಟೇಷನ್ನಿಗೆ ಹೋಗುವ ಅಡ್ಡದಾರಿ, ಅಷ್ಟೆ. ಆ ವರ್ಷದ ಕ್ರೀಡಾದಿನ ನಮ್ಮ ದೈಹಿಕ ಶಿಕ್ಷಕರು ಮೈಕ್ ಹಿಡಿದು, "ಈಗ ಮೇಡಂಗಳಿಗೆ ನಿಂಬೆಹಣ್ಣು ಚಮಚದ ಓಟ" ಎಂದು ಕೂಗಿಬಿಟ್ಟರು. ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಮಜ್ಜಿಗೆ ಕುಡಿಯುತ್ತಿದ್ದ ನಾವು ಏಳು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಕ್ಕಳು ಹಾಕಿದ ಕೇಕೆಗೆ ಎದ್ದು ಹೋಗದೆ ವಿಧಿಯಿರಲಿಲ್ಲ.

ಚಮಚವನ್ನು ಹಲ್ಲಿನಲ್ಲಿ ಕಚ್ಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೆ. ಅರ್ಧ ದಾರಿಯವರೆಗೂ ನಾನೇ ಮುಂದಿದ್ದೆ ಎಂಬುದನ್ನು ಹೇಳದೆ ಬಿಡಲಾರೆ. ಗೆರೆಗೆ ಇನ್ನು ನಾಲ್ಕು ಹೆಜ್ಜೆ ಎನ್ನುವಾಗ ಸೀರೆಯ ನೆರಿಗೆ ಕಾಲಿಗೆ ಸಿಕ್ಕಿತು. ಬಲಗೈ ಊರಿ ಬಿದ್ದೆ. ನಿಂಬೆಹಣ್ಣು ನನ್ನನ್ನು ಬಿಟ್ಟು ಉರುಳುತ್ತಾ ಹೋಗಿ ಗೆರೆ ದಾಟಿತು.

"ಮಿಸ್ಸಿನ್ ನಿಂಬೆಹಣ್ಣೇ ಫಸ್ಟು!" ಎಂದು ಎಂಟನೇ ತರಗತಿಯವರು ಚಪ್ಪಾಳೆ ಹೊಡೆದರು. ನಾನೂ ನಗುತ್ತಲೇ ಏಳಲು ಹೋದೆ. ಮಣಿಕಟ್ಟಿನ ಹತ್ತಿರ ಕೈ ಸೌಟಿನ ಹಾಗೆ ಡೊಂಕಾಗಿರುವುದು ಕಂಡಾಗ ನಗು ಅಲ್ಲೇ ನಿಂತಿತು.

ಮಂಡ್ಯದ ಗುತ್ತಲಿನಲ್ಲಿ ನಮ್ಮ ಮನೆ. ಅಲ್ಲಿಗೆ ಹತ್ತಿರದ ಕ್ಲಿನಿಕ್ಕಿನ ಮೂಳೆ ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹೆಣ್ಣುಮಗಳು. ಕೈಗೆ ಪ್ಲಾಸ್ಟರ್ ಪಟ್ಟು ಹಾಕುತ್ತಾ, "ಎಷ್ಟು ಎತ್ತರದಿಂದ ಬಿದ್ರಿ ಮೇಡಂ?" ಎಂದರು.

"ನನ್ನ ಎತ್ತರದಿಂದಲೇ."

"ನಿಂತ ನೆಲದ ಮೇಲೆ ಬಿದ್ರೆ ಇಷ್ಟು ಸುಲಭಕ್ಕೆ ಮುರೀಬಾರ್ದು."

ಆಮೇಲೆ ಪ್ರಶ್ನೆಗಳು ಶುರುವಾದವು. ಮುಟ್ಟು ನಿಂತು ಎಷ್ಟು ದಿನ? ಮೂರು ವರ್ಷ. ಬಿಸಿಲಿಗೆ ಹೋಗ್ತೀರಾ? ಕೊಡೆ ಹಿಡಿದು ಹೋಗ್ತೀನಿ. ಹಾಲು? ಕಾಫಿಯಲ್ಲಿ ಎರಡು ಚಮಚ. ಮುದ್ದೆ? ತೂಕ ಇಳಿಸೋಣ ಅಂತ ಬಿಟ್ಟು ಎರಡು ವರ್ಷವಾಯಿತು, ಓಟ್ಸ್ ತಿಂತೀನಿ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಮಂಡ್ಯದಲ್ಲಿ ಕೂತ್ಕೊಂಡು ಮುದ್ದೆ ಬಿಟ್ರಾ?" ಎನ್ನುವಂತಿತ್ತು ಆ ನೋಟ.

ಮೈಸೂರಿಗೆ ಹೋಗಿ ಮೂಳೆಯ ಸಾಂದ್ರತೆ ಅಳೆಯುವ ಯಂತ್ರದ ಕೆಳಗೆ ಮಲಗಿ ಬಂದೆ. ವರದಿಯಲ್ಲಿ ನನ್ನ ಅಂಕದ ಮುಂದೆ ಮೈನಸ್ ಗುರುತು. ಇಪ್ಪತ್ತೈದು ವರ್ಷ ಮಕ್ಕಳಿಗೆ ಅಂಕ ಹಾಕಿದ್ದೇನೆ. ವ್ಯಾಕರಣದಲ್ಲಿ ಸೊನ್ನೆ ತೆಗೆದವರುಂಟು, ಸೊನ್ನೆಗಿಂತ ಕೆಳಗೆ ಹೋದವರನ್ನು ಕಂಡಿರಲಿಲ್ಲ. ಡಾಕ್ಟರು ಸಮಾಧಾನ ಹೇಳಿದರು. ಮೂಳೆ ಇನ್ನೂ ಪೂರ್ತಿ ಟೊಳ್ಳಾಗಿಲ್ಲ, ಆದರೆ ಆ ದಾರಿ ಹಿಡಿದಿದೆ. ಮುಟ್ಟು ನಿಂತ ಮೇಲಿನ ವರ್ಷಗಳಲ್ಲಿ ಅದು ಬೇಗ ಬೇಗ ಸವೆಯುತ್ತದೆ. ರಕ್ತದಲ್ಲಿ ವಿಟಮಿನ್ ಡಿ ತುಂಬಾ ಕಡಿಮೆ. ಮಧ್ಯಾಹ್ನದ ಊಟವಾದ ಮೇಲೆ ದಿನಕ್ಕೊಂದು ಕ್ಯಾಲ್ಸಿಯಂ ಮಾತ್ರೆ, ವಾರಕ್ಕೊಂದರಂತೆ ಎಂಟು ವಾರ ವಿಟಮಿನ್ ಡಿ ಗುಳಿಗೆ. ಚೀಟಿಯಲ್ಲಿದ್ದದ್ದು ಇಷ್ಟೇ.

ಆದರೆ ಕೈಗೆ ಪಟ್ಟು ಹಾಕಿಕೊಂಡು ಓಡಾಡುವವರನ್ನು ನಮ್ಮ ಕಡೆ ಜನ ಸುಮ್ಮನೆ ಬಿಡುವುದಿಲ್ಲ. ಗಣಿತದ ಮೇಡಂ ಸಮುದ್ರದ ಚಿಪ್ಪಿನಿಂದ ಮಾಡಿದ ಮಾತ್ರೆ ತಂದುಕೊಟ್ಟರು. ಎದುರು ಮನೆಯಾಕೆ ಮೂಳೆಗೆಂದೇ ಮಾಡಿದ ಚಾಕೊಲೇಟ್ ವಾಸನೆಯ ಪುಡಿಯ ಡಬ್ಬಿಯೊಂದಿಗೆ ಬಂದರು. ಅವರೇ ಅದರ ಏಜೆಂಟು. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿರುವ ನನ್ನ ಗಂಡ, ಹೆಂಡತಿ ಮೂಳೆಚಕ್ಕಳವಾಗುತ್ತಾಳೆಂದು ಹೆದರಿ ಆನ್‌ಲೈನಿನಲ್ಲಿ ಮೀನೆಣ್ಣೆಯ ಗುಳಿಗೆ, ಇನ್ನೊಂದು ಬಗೆಯ ಕ್ಯಾಲ್ಸಿಯಂ ತರಿಸಿದರು. ಎಲ್ಲವನ್ನೂ ಬೆಳಿಗ್ಗೆ ನನ್ನ ಥೈರಾಯ್ಡ್ ಮಾತ್ರೆಯ ಜೊತೆಗೇ ಒಂದು ತಟ್ಟೆಯಲ್ಲಿ ಸಾಲಾಗಿ ಜೋಡಿಸಿ, "ಒಂದೇ ಸಲಕ್ಕೆ ಮುಗಿದ್ಹೋಗ್ಲಿ" ಎನ್ನುತ್ತಿದ್ದರು. ಕಚೇರಿಯ ಫೈಲುಗಳ ವಿಷಯದಲ್ಲಿ ಅವರು ಇಷ್ಟು ಚುರುಕಾಗಿದ್ದುದನ್ನು ನಾನು ಕೇಳಿಲ್ಲ.

ಇದರ ನಡುವೆ ಅತ್ತಿಗೆ ಬಂದಿಳಿದರು. ನನ್ನ ಗಂಡನ ಅಕ್ಕ. ಮಳವಳ್ಳಿ ಹತ್ತಿರದ ಹಳ್ಳಿಯಲ್ಲಿ ಮಗ ಸೊಸೆಯ ಜೊತೆ ರೇಷ್ಮೆ ಹುಳು ಸಾಕುತ್ತಾರೆ. ಬಾಗಿಲಲ್ಲೇ ಚೀಲ ಇಳಿಸಿ ಶುರುಮಾಡಿದರು.

"ಅಲ್ಲ ಕಣಮ್ಮಿ, ನಿಂಗೆ ಇಸ್ಕೂಲಲ್ಲಿ ಪಾಠ ಏಳು ಅಂತ ಸಂಬ್ಳ ಕೊಡೋದಾ, ನಿಂಬೆಅಣ್ಣು ಕಚ್ಕಂಡು ಓಡು ಅಂತ ಕೊಡೋದಾ?"

"ಮಕ್ಕಳು ಕೂಗಿದ್ರು ಅತ್ಗೆ."

"ಮಕ್ಳು ಬಾವಿಗ್ ಬೀಳು ಅಂದ್ರೆ ಬಿದ್ದೀಯಾ? ನನ್ ನೋಡು. ಅರವತ್ಮೂರು ವರ್ಸ. ದಿನಾ ಸೊಪ್ಪಿನ್ ಒರೆ ಒರ್ತೀನಿ. ಒಂದ್ ಮೂಳೆ ಸದ್ದು ಮಾಡಿಲ್ಲ. ರಾಗಿ ಇಟ್ಟು ಉಂಡಿರೋ ಮೈ ಇದು."

ಚೀಲದಿಂದ ರಾಗಿ ಹಿಟ್ಟು, ನುಗ್ಗೆ ಸೊಪ್ಪು, ಹುಚ್ಚೆಳ್ಳು, ಒಂದು ಕಂತೆ ಮಂಗರವಳ್ಳಿ ಹೊರಬಂದವು. ಮುರಿದ ಮೂಳೆ ಕೂಡಿಸುವುದರಲ್ಲಿ ಮಂಗರವಳ್ಳಿಯನ್ನು ಬಿಟ್ಟರಿಲ್ಲ ಎಂದು ಆ ಬಳ್ಳಿಯ ಚಟ್ನಿ ಅರೆದರು. ಅದನ್ನು ಚೆನ್ನಾಗಿ ಹುರಿಯದಿದ್ದರೆ ನಾಲಿಗೆ ಕೆರೆಯುತ್ತದೆ. ಅತ್ತಿಗೆಗೆ ಹುರಿಯುವಷ್ಟು ಪುರುಸೊತ್ತಿರಲಿಲ್ಲ. ಎರಡು ದಿನ ನಾನು ಫೋನಿನಲ್ಲಿ ಮಾತಾಡಿದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಸಂಜೆಗೆ ಕಾಲು ಸೂಪು. ರಾತ್ರಿಗೆ ಮುದ್ದೆ, ಉಪ್ಸಾರು. ಎಡಗೈಯಲ್ಲಿ ಮುದ್ದೆ ಮುರಿಯಲಾಗದೆ ಪರದಾಡುವ ನನ್ನನ್ನು ಕಂಡು, ತಾವೇ ತುತ್ತು ಮಾಡಿ ಬಾಯಿಗೆ ಇಡುತ್ತಿದ್ದರು. ಇಡುವಾಗಲೂ ಬೈಗುಳ ನಿಲ್ಲುತ್ತಿರಲಿಲ್ಲ.

ಒಂದು ವಾರಕ್ಕೆ, ಮೂಳೆ ಗಟ್ಟಿಯಾಗುವ ಮೊದಲು ಹೊಟ್ಟೆ ಗಟ್ಟಿಯಾಯಿತು. ಬಾಳೆಹಣ್ಣು, ಬಿಸಿನೀರು ಯಾವುದಕ್ಕೂ ಅದು ಜಗ್ಗಲಿಲ್ಲ. ಮೇಲಿಂದ ಓಕರಿಕೆ. ಗಂಡ ಹೆದರಿ ಡಬ್ಬಿಗಳನ್ನೆಲ್ಲ ಬಟ್ಟೆ ಚೀಲಕ್ಕೆ ತುಂಬಿ ಡಾಕ್ಟರ ಬಳಿ ಹೊರಡಿಸಿದರು. ಡಾಕ್ಟರ ಮೇಲೆ ನಂಬಿಕೆಯಿಲ್ಲದ ಅತ್ತಿಗೆಯೂ ಜೊತೆಗೆ ಹೊರಟರು.

ಡಾಕ್ಟರು ಚೀಲವನ್ನು ಮೇಜಿನ ಮೇಲೆ ಬಗ್ಗಿಸಿದರು. ಡಬ್ಬಿಗಳು ಉರುಳಿ, ಒಂದು ಕೆಳಗೂ ಬಿತ್ತು. ಒಂದೊಂದನ್ನೇ ಎತ್ತಿ ಓದುತ್ತಾ ಹೋದರು. "ಇದು ನಾನು ಬರೆದಿದ್ದ ಕ್ಯಾಲ್ಸಿಯಂ. ಇದೂ ಅದೇ, ಚಿಪ್ಪಿಂದು. ಇದೂ ಅದೇ, ಬಣ್ಣ ಬೇರೆ. ಈ ಪುಡೀಲೂ ಅದೇ, ಜೊತೆಗೆ ಬೇಕಾದಷ್ಟು ಸಕ್ಕರೆ." ಕೊನೆಗೆ ವಾರಕ್ಕೊಂದರ ಗುಳಿಗೆಯ ಹಾಳೆ ಕೈಗೆ ಬಂತು. ಅದರಲ್ಲಿ ಐದು ಖಾಲಿಯಾಗಿದ್ದವು.

"ಐದು ವಾರ ಆಗಿಲ್ವಲ್ಲ ಮೇಡಂ?"

ನಾನು ಗಂಡನ ಕಡೆ ನೋಡಿದೆ. ಅವರು ಫ್ಯಾನಿನ ಕಡೆ ನೋಡಿದರು. "ದಿನಕ್ಕೊಂದು ಕೊಟ್ರೆ ಬೇಗ ಗುಣ ಆಗ್ಬೋದು ಅಂತ..." ಎಂದರು.

ಡಾಕ್ಟರಿಗೆ ನಗು ಬಂತು, ತಡೆದುಕೊಂಡರು. ಐದರಿಂದ ದೊಡ್ಡ ಅನಾಹುತವೇನೂ ಇಲ್ಲ, ಆದರೆ ಹೀಗೇ ಮುಂದುವರಿಸಿದ್ದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ಕಿಡ್ನಿಯಲ್ಲಿ ಕಲ್ಲಾಗಿ, ಇನ್ನೊಬ್ಬ ಡಾಕ್ಟರ ಮನೆ ಬಾಗಿಲಿಗೆ ಹೋಗಬೇಕಾಗುತ್ತಿತ್ತು ಎಂದರು. ರಕ್ತಪರೀಕ್ಷೆಗೆ ಬರೆದರು. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ ನಾಲ್ಕು ಗಂಟೆಯಾದರೂ ಅಂತರವಿರಬೇಕು, ಇಲ್ಲವಾದರೆ ಥೈರಾಯ್ಡ್ ಮಾತ್ರೆ ತಿಂದೂ ತಿನ್ನದ ಹಾಗೆ ಎಂದರು.

"ಮೂಳೆ ಅನ್ನೋದು ತುಂಬ್ಕೊಂಡು ಹೋಗೋಕೆ ಕಣಜ ಅಲ್ಲ ಸಾರ್. ಊಟದಲ್ಲಿ ಎಷ್ಟು ಸಿಗುತ್ತೆ ಅಂತ ಮೊದಲು ನೋಡಿ. ರಾಗಿ, ಹಾಲು, ಸೊಪ್ಪು, ಎಳ್ಳು. ಕಮ್ಮಿ ಬಿದ್ದದ್ದಕ್ಕೆ ಮಾತ್ರ ಮಾತ್ರೆ. ಆಮೇಲೆ ಮೂಳೆಗೆ ಕೆಲಸ ಕೊಡ್ಬೇಕು. ಮೇಲೆ ಭಾರ ಬಿದ್ರೇನೇ ಅದು ಗಟ್ಟಿಯಾಗಿರೋದು."

ಅತ್ತಿಗೆ ಗೆದ್ದವರ ಹಾಗೆ ಸೆರಗು ಕೊಡವಿದರು. "ನಾನ್ ಏಳಿದ್ದೂ ಅದೇಯ ಡಾಕ್ಟ್ರಮ್ಮ. ಈ ಡಬ್ಬಿ ಎಲ್ಲ ಬಿಸಾಕು ಅಂತ ಬಂದ್ ದಿನಾನೇ ಏಳ್ದೆ."

ಡಾಕ್ಟರು ಆಗ ಮೊದಲ ಸಲ ಅವರನ್ನು ಸರಿಯಾಗಿ ನೋಡಿದರು. "ಅಮ್ಮ, ಬೆನ್ನು ನೋಯುತ್ತಾ?"

"ಯಾರ್ಗ್ ನೋಯಾಕಿಲ್ಲ?"

"ಒಂದ್ ನಿಮಿಷ ಆ ಗೋಡೆಗೆ ಬೆನ್ನು ಕೊಟ್ಟು ನಿಂತ್ಕೊಳ್ಳಿ. ಹಿಮ್ಮಡಿ ಗೋಡೆಗೆ ತಾಗ್ಲಿ. ಈಗ ನೇರ ನೋಡ್ತಾ ತಲೆ ಗೋಡೆಗೆ ಮುಟ್ಟಿಸಿ."

ಅತ್ತಿಗೆ ನಿಂತರು. ತಲೆ ಗೋಡೆಗೆ ಮುಟ್ಟಲಿಲ್ಲ. ಕತ್ತು ಹಿಂದಕ್ಕೆಳೆದು ಇನ್ನೊಮ್ಮೆ ಪ್ರಯತ್ನಿಸಿದರು. ತಲೆಗೂ ಗೋಡೆಗೂ ನಡುವೆ ನಾಲ್ಕು ಬೆರಳು ತೂರುವಷ್ಟು ಸಂದು ಹಾಗೇ ಉಳಿಯಿತು.

"ನಿಮ್ ಗೋಡೆ ಸೊಟ್ಟಗೈತೆ" ಎಂದರು.

ಡಾಕ್ಟರು ನನ್ನನ್ನು ಅದೇ ಜಾಗದಲ್ಲಿ ನಿಲ್ಲಿಸಿದರು. ನನ್ನ ತಲೆ ಟಪ್ಪೆಂದು ತಾಗಿತು.

"ಅವ್ಳ್ ತಲೆ ದಪ್ಪ. ಅದ್ಕೇ ತಾಗ್ತು."

ಎಕ್ಸ್‌ರೇ ಮಾಡಿಸಿದಾಗ ಗೋಡೆಯ ತಪ್ಪೇನೂ ಇರಲಿಲ್ಲ. ಅತ್ತಿಗೆಯ ಬೆನ್ನುಮೂಳೆಯಲ್ಲಿ ಎರಡು ಮೂಳೆಮಣಿಗಳು ಕುಸಿದಿದ್ದವು. ಗರ್ಭಕೋಶ ತೆಗೆಸಿದ್ದೀರಾ ಎಂದು ಡಾಕ್ಟರು ಕೇಳಿದರು. ಮೂವತ್ತೆಂಟನೇ ವಯಸ್ಸಿಗೆ ಅಂಡಾಶಯ ಸಮೇತ ತೆಗೆದಿದ್ದರು. ಅಲ್ಲಿಂದಲೇ ಮೂಳೆ ಸವೆಯುತ್ತಾ ಬಂದಿದೆ, ಮುದ್ದೆ ಮತ್ತು ದುಡಿಮೆ ಇಷ್ಟು ವರ್ಷ ತಡೆದು ನಿಲ್ಲಿಸಿವೆ, ಇನ್ನು ಅವೆರಡೇ ಸಾಲವು, ಔಷಧಿ ಬೇಕು ಎಂದು ಡಾಕ್ಟರು ಮೆಲ್ಲಗೆ ಹೇಳಿದರು.

"ನಾನ್ ಬಂದಿದ್ದು ಇವ್ಳ್ ಕೈಗೆ. ನನ್ ಬೆನ್ನಿನ್ ಸುದ್ದಿ ಯಾಕೆ?" ಎಂದು ಅತ್ತಿಗೆ ಎದ್ದೇಬಿಟ್ಟರು. ಆವತ್ತು ಮಧ್ಯಾಹ್ನ ಊಟಕ್ಕೂ ನಿಲ್ಲದೆ ಮಳವಳ್ಳಿ ಬಸ್ಸು ಹತ್ತಿದರು. ಕೋಪ ಎಷ್ಟಿತ್ತೆಂದರೆ ಉಳಿದ ಮಂಗರವಳ್ಳಿಯನ್ನೂ ವಾಪಸ್ಸು ಒಯ್ದರು. ನನ್ನ ನಾಲಿಗೆಗೆ ಅದೊಂದು ಉಪಕಾರವಾಯಿತು.

ಆಮೇಲೆ ಫೋನ್ ಮಾಡಿದರೆ, "ಉಳ ಅಣ್ಣಾಯ್ತಾವೆ, ಗೂಡು ಕಟ್ಟೋ ಒತ್ತು, ಪುರ್ಸೊತ್ತಿಲ್ಲ" ಎಂದು ಇಟ್ಟುಬಿಡುತ್ತಿದ್ದರು. ನನ್ನ ಕೈಯ ಪಟ್ಟು ಬಿಚ್ಚಿದ ಮೇಲಿನ ಭಾನುವಾರ ನಾನೂ ಗಂಡನೂ ಹೇಳದೆ ಕೇಳದೆ ಅವರ ಹಳ್ಳಿಗೆ ಹೋದೆವು. ಅತ್ತಿಗೆ ಏನೂ ಆಗಿಲ್ಲದವರ ಹಾಗೆ, "ಬನ್ನಿ, ಇಟ್ಟು ತೊಳಸ್ತೀನಿ" ಎಂದು ಒಲೆ ಮುಂದೆ ಹೋದರು. ನಾನು ಹಿಂದೆ ಹೋದೆ. ಉಪ್ಪಿನ ಜಾಡಿ ಗೂಡಿನಲ್ಲಿತ್ತು. ಅತ್ತಿಗೆ ಕೈ ಚಾಚಿದರು, ಎಟುಕಲಿಲ್ಲ. ಕಾಲಿನಿಂದಲೇ ಮಣೆಯೊಂದನ್ನು ಎಳೆದು, ಹತ್ತಿ, ಜಾಡಿ ಇಳಿಸಿದರು. ಮಣೆಯ ಮೇಲೆ ಕಾಲಿನ ಗುರುತು ಮೂಡಿತ್ತು. ಅದು ಒಂದು ದಿನದ ಅಭ್ಯಾಸವಾಗಿರಲಿಲ್ಲ.

ನಡುಮನೆಯಲ್ಲಿ ನಮ್ಮ ಮದುವೆಯ ಫೋಟೋ ಇದೆ. ಅದರಲ್ಲಿ ಅತ್ತಿಗೆ ನನ್ನ ಪಕ್ಕ ನಿಂತಿದ್ದಾರೆ, ನನಗಿಂತ ಮೂರ್ನಾಲ್ಕು ಬೆರಳು ಎತ್ತರ. ಅದನ್ನು ಇಳಿಸಿ ತಂದು ತೋರಿಸಿ, ಪಕ್ಕದಲ್ಲಿ ನಿಂತೆ. ಈಗ ಇಬ್ಬರ ಭುಜ ಸಮಸಮ.

"ಅವತ್ತು ನೀನು ಮದ್ವೆ ಎಣ್ಣು. ನಾಚ್ಕಂಡು ತಲೆ ಬಗ್ಸಿದ್ದೆ" ಎಂದರು.

"ಈಗ?"

"ಈಗ ನಾಚ್ಕೆ ಬುಟ್ಟು ನೆಟ್ಟಗೆ ನಿಂತಿದ್ದೀಯ."

ನನ್ನ ಗಂಡ ಜೋರಾಗಿ ನಕ್ಕುಬಿಟ್ಟರು. ಅತ್ತಿಗೆ ನಗಲಿಲ್ಲ. ಫೋಟೋವನ್ನು ಸೆರಗಿನಿಂದ ಒರೆಸಿ, ಒರೆಸುತ್ತಲೇ ಇದ್ದರು. ನಾನು ಗಂಡನಿಗೆ ಕಣ್ಣಿನಲ್ಲೇ ಹೊರಗೆ ಹೋಗುವಂತೆ ಹೇಳಿದೆ.

"ಮೂಳೆ ಸದ್ದು ಮಾಡ್ತು ಕಣಮ್ಮಿ," ಎಂದರು ಅತ್ತಿಗೆ. "ಓದ್ ವರ್ಸ. ಬೋರ್‌ವೆಲ್ ತಾವ ನೀರಿನ್ ಡ್ರಮ್ಮು ಎತ್ತಾಕೋದೆ. ಟಕ್ ಅಂತು. ಒಂದ್ ತಿಂಗ್ಳು ಮಗ್ಲು ಬದ್ಲಾಯ್ಸಾಕ್ ಆಗ್ನಿಲ್ಲ. ಅಂಗ್ಡೀಲಿ ನೋವಿನ್ ಮಾತ್ರೆ ತಂದು ನುಂಗ್ದೆ."

"ಯಾರಿಗೂ ಯಾಕೆ ಹೇಳ್ಲಿಲ್ಲ ಅತ್ಗೆ?"

"ಏಳುದ್ರೆ ಏನ್ ಮಾಡೀರಿ? 'ಅಮ್ಮ, ನೀ ಕುಂತ್ಕ' ಅಂತೀರಿ. ಜಗ್ಲಿ ಮೇಲ್ ಕುಂಡ್ರಿಸಿ ಅವರೆಕಾಯಿ ಮುಂದಕ್ ತಳ್ತೀರಿ. ಆಮೇಲೆ ಅವರೆಕಾಯ್ನೂ ಕಿತ್ಕತೀರಿ. ರೇಸ್ಮೆ ಉಳಿನ್ ಮನೇಗ್ ಓಗ್ದೆ ನಾನು ಒಂದಿನ ಇದ್ದಿಲ್ಲ."

ಬಾಯಿಮಾತಿನಲ್ಲಿ ನನ್ನನ್ನು ಮೂಲೆಗೆ ತಳ್ಳಿ ನಿಲ್ಲಿಸುವ ಈ ಹೆಂಗಸು ಹೆದರಿದ್ದು ನೋವಿಗಲ್ಲ, ಕುರ್ಚಿಗೆ. ನಾನಾದರೋ ಕುರ್ಚಿ ಸಿಕ್ಕರೆ ಸಾಕೆಂದು ಜೀವಮಾನವೆಲ್ಲ ಹುಡುಕಿದವಳು. ಅಲ್ಲೇ ಡಾಕ್ಟರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, "ಇವರನ್ನು ಕೂರಿಸಬೇಕಾ?" ಎಂದು ಕೇಳಿದೆ.

"ಖಂಡಿತಾ ಬೇಡ," ಎಂದಿತು ಫೋನು. "ನಡೀಲಿ, ಕೆಲಸ ಮಾಡ್ಲಿ. ನೆಲಕ್ಕೆ ಬಗ್ಗಿ ಭಾರ ಎತ್ತೋದು ಮಾತ್ರ ನಿಲ್ಲಿಸಿ. ಹೊರೆ ಚಿಕ್ಕದಾಗಲಿ, ಬೇರೆಯವ್ರು ಎತ್ತಿಕೊಡ್ಲಿ. ಬೆನ್ನಿನ ಕಸರತ್ತು ನಾನು ಹೇಳ್ಕೊಡ್ತೀನಿ. ಆದ್ರೆ ಔಷಧಿ ಬೇಕೇ ಬೇಕು."

ಅತ್ತಿಗೆ ಫೋನಿನ ಹತ್ತಿರ ಬಾಗಿ, "ಇನ್ನೊಂದ್ ಸಲ ಏಳಮ್ಮ, ಕೂರ್ಸಬೇಡಿ ಅಂದಿದ್ದು. ನನ್ ಮಗನ್ಗೂ ಕೇಳ್ಲಿ" ಎಂದರು.

ಒಪ್ಪಿದರು, ಆದರೆ ಷರತ್ತಿನ ಮೇಲೆ. ಅವರು ಮಾತ್ರೆ ನುಂಗಬೇಕಾದರೆ ನಾನು ದಿನಾ ಬೆಳಿಗ್ಗೆ ನಡೆಯಬೇಕು. "ಆರ್ ಗಂಟೆಗೆ ಪೋನ್ ಮಾಡ್ತೀನಿ. ಆಸ್ಗೇಲಿ ಮಲ್ಗಿರೋ ದನಿ ಕೇಳಿದ್ರೆ ನನ್ ಮಾತ್ರೆ ಕೆರೆಗೆ."

ಮೈಸೂರಿನ ಪರೀಕ್ಷೆಯೆಲ್ಲ ಮುಗಿದು ಅವರಿಗೆ ಸಿಕ್ಕಿದ್ದು ವಾರಕ್ಕೊಂದು ಮಾತ್ರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ನೆಟ್ಟಗಿರಬೇಕು, ಮಲಗುವಂತಿಲ್ಲ, ಏನೂ ತಿನ್ನುವಂತಿಲ್ಲ. ಮಲಗಬಾರದೆಂಬ ಮಾತು ಅತ್ತಿಗೆಗೆ ಲೆಕ್ಕಕ್ಕಿರಲಿಲ್ಲ. ಕಾಫಿ ಕುಡಿಯಬಾರದೆಂಬುದು ಮಾತ್ರ ಮೂಳೆ ಮುರಿದದ್ದಕ್ಕಿಂತ ದೊಡ್ಡ ಕಷ್ಟವಾಯಿತು. ಆ ಅರ್ಧ ಗಂಟೆ ಕಳೆಯಲು ಪ್ರತಿ ಭಾನುವಾರ ನನಗೆ ಫೋನ್. ಯಾರ ಮನೆಯ ರೇಷ್ಮೆಗೂಡು ಒಳ್ಳೆಯ ದರಕ್ಕೆ ಹೋಯಿತು, ಯಾರ ಸೊಸೆ ತವರಿಗೆ ಹೋದಳು, ಎಲ್ಲ ಹೇಳಿ ನಡುನಡುವೆ, "ಇನ್ನೆಷ್ಟ್ ನಿಮ್ಸ ಐತೆ ನೋಡಮ್ಮಿ" ಎನ್ನುತ್ತಿದ್ದರು. "ಹನ್ನೆರಡು" ಎಂದರೆ, "ಆವಾಗ್ಲೂ ಅನ್ನೆರಡೇ ಅಂದೆ" ಎಂದು ಜಗಳ.

ನಾನೂ ಮಾತು ಉಳಿಸಿಕೊಂಡೆ. ಕೊಡೆ ಮನೆಯಲ್ಲಿ ಬಿಟ್ಟು ಗುತ್ತಲಿನ ರಸ್ತೆಯಲ್ಲಿ ನಡೆದೆ. ಎರಡು ನೀರಿನ ಬಾಟಲಿ ಎರಡು ಕೈಯಲ್ಲಿ ಹಿಡಿದು ಎತ್ತಿ ಇಳಿಸಿದೆ. ಸಂಜೆ ಮದ್ದೂರಿನಿಂದ ಬರುವ ರೈಲಿನಲ್ಲಿ ಸೀಟು ಖಾಲಿಯಿದ್ದರೂ ಹನಕೆರೆ ಸ್ಟೇಷನ್ನಿನಿಂದ ಮಂಡ್ಯದವರೆಗೆ ಕಂಬಿ ಹಿಡಿದು ನಿಂತು, ಹಿಮ್ಮಡಿ ಎತ್ತಿ ಇಳಿಸಿದೆ. ದಿನಾ ಅದೇ ಡಬ್ಬಿಯಲ್ಲಿ ಬರುವ ಹಿರಿಯರೊಬ್ಬರು ಹತ್ತು ದಿನ ನೋಡಿ, "ಯಾರ್ನ ಇಣುಕಿ ಇಣುಕಿ ನೋಡ್ತೀರ ಮೇಡಂ? ನನ್ಗೇಳಿ, ನಾನ್ ಉದ್ದ ಇದೀನಿ, ನೋಡಿ ಏಳ್ತೀನಿ" ಎಂದರು. ಮುದ್ದೆ ಮತ್ತೆ ಶುರುವಾಯಿತು. ಚೀಟಿಯಲ್ಲಿದ್ದ ಒಂದು ಕ್ಯಾಲ್ಸಿಯಂ ಮಾತ್ರ ಉಳಿಯಿತು, ಅದೂ ಮಧ್ಯಾಹ್ನ. ಎದುರು ಮನೆಯಾಕೆಯ ಪುಡಿಯನ್ನು ಹಾಳುಮಾಡಬಾರದೆಂದು ನನ್ನ ಗಂಡ ರಾತ್ರಿ ಹಾಲಿಗೆ ಕಲಸಿ ಕುಡಿದು ಖಾಲಿ ಮಾಡಿದರು. ಅವರ ಮೂಳೆಯ ಸ್ಥಿತಿ ಗೊತ್ತಿಲ್ಲ, ಪ್ಯಾಂಟುಗಳನ್ನೆಲ್ಲ ಟೈಲರಿಗೆ ಕೊಡಬೇಕಾಯಿತು.

ಒಂದೂವರೆ ವರ್ಷದ ಮೇಲೆ ಇಬ್ಬರೂ ಮತ್ತೆ ಮೈಸೂರಿಗೆ ಹೋಗಿ ಅಳೆಸಿಕೊಂಡು, ವರದಿ ಹಿಡಿದು ಡಾಕ್ಟರ ಮುಂದೆ ಕೂತೆವು. ನನ್ನ ಅಂಕ ಇದ್ದಲ್ಲೇ ಇತ್ತು. ಈ ವಯಸ್ಸಿನಲ್ಲಿ ಇದ್ದಲ್ಲೇ ಇರುವುದೂ ಪಾಸಾದ ಹಾಗೆ ಎಂದರು ಡಾಕ್ಟರು. ಅತ್ತಿಗೆಯದು ಸ್ವಲ್ಪ ಮೇಲೆ ಬಂದಿತ್ತು, ಬೆನ್ನಿನಲ್ಲಿ ಹೊಸದಾಗಿ ಏನೂ ಕುಸಿದಿರಲಿಲ್ಲ.

"ಓಗಿರೋ ಎತ್ರ ತಿರ್ಗಾ ಬತ್ತದಾ?" ಎಂದು ಅತ್ತಿಗೆ ಕೇಳಿದರು.

"ಇಲ್ಲ ಅಮ್ಮ. ಅದು ಬರಲ್ಲ."

ಅತ್ತಿಗೆ ತಲೆಯಾಡಿಸಿದರು. ವರದಿ ಮಡಚಿ ಚೀಲಕ್ಕೆ ಸೇರಿಸಿ ಬಸ್ ಸ್ಟ್ಯಾಂಡಿಗೆ ಹೊರಟರು. ಅವರನ್ನು ಮನೆಗೆ ಬಿಟ್ಟುಬರಲು ನಾನೂ ಮಳವಳ್ಳಿ ಬಸ್ಸು ಹತ್ತಿದೆ. ಜನ ತುಂಬಿತ್ತು. ಕಾಲೇಜಿನ ಹುಡುಗಿಯೊಬ್ಬಳು ಎದ್ದು, "ಅಜ್ಜಿ, ಕುಂತ್ಕೊಳಿ" ಎಂದಳು. ಅತ್ತಿಗೆ ಈಗ ಸಿಡಿಯುತ್ತಾರೆ ಎಂದುಕೊಂಡೆ. ಅವರು ಹುಡುಗಿಯ ತೆಳ್ಳಗಿನ ಕೈಯನ್ನು ಹಿಡಿದು ತಿರುಗಿಸಿ ನೋಡಿದರು.

"ಇಟ್ಟು ಉಣ್ತೀಯಾ?"

"ಇಲ್ಲ ಅಜ್ಜಿ."

"ಆಲು?"

"ಸೇರಲ್ಲ."

"ಬಿಸ್ಲಿಗೆ?"

"ಕಪ್ಪಾಗ್ತೀನಿ ಅಂತ..."

ಅತ್ತಿಗೆ ಆ ಸೀಟಿನಲ್ಲಿ ಕುಳಿತು, ಹುಡುಗಿಯನ್ನೂ ಪಕ್ಕದಲ್ಲಿ ಒತ್ತರಿಸಿ ಕೂರಿಸಿಕೊಂಡರು. ಶಿವಪುರದ ಹತ್ತಿರ ನುಗ್ಗೆ ಸೊಪ್ಪಿನ ವಿಷಯ ಮುಗಿದು, ಮದ್ದೂರಿನಲ್ಲಿ ಹುಚ್ಚೆಳ್ಳಿನ ವಿಷಯ ಶುರುವಾಯಿತು. ದೊಡ್ಡಿ ಸ್ಟಾಪಿನಲ್ಲಿ ಬಸ್ಸು ನಿಂತಾಗ ಹುಡುಗಿ ಕಿಟಕಿಯಾಚೆ ನೋಡುತ್ತಾ, ಇಲ್ಲೇ ಇಳಿದುಬಿಡಲೇ ಎಂದು ಯೋಚಿಸುವಂತಿತ್ತು. ಅತ್ತಿಗೆ ಅವಳ ಕೈ ಬಿಟ್ಟಿರಲಿಲ್ಲ.